ಹನ್ನೊಂದನೇ ನಕ್ಷತ್ರ

ಮಕ್ಕಳ ಕಲ್ಯಾಣದ ಆ ಆಫೀಸಿನ ಜವಾನ ಜನರಿಗೆ ಅಡ್ಡಹೆಸರಿಡುವುದರಲ್ಲಿ ಎತ್ತಿದ ಕೈ. ಮೂವತ್ತು ವರ್ಷ ಮಕ್ಕಳ ಫೈಲುಗಳ ನಡುವೆಯೇ ತಲೆ ನರೆಸಿಕೊಂಡ ಅಧಿಕಾರಿಯನ್ನು ಅವನು ಹಿಂದಿನಿಂದ ದೊಡ್ಡ ಮೇಡಂ ಎನ್ನುತ್ತಿದ್ದ. ಸಮಾಜಕಾರ್ಯ ಓದುವ ಕಾಲೇಜಿನಿಂದ ಎಂಟು ವಾರದ ಮಟ್ಟಿಗೆ ಕೆಲಸ ಕಲಿಯಲು ಬಂದ ಹುಡುಗಿಗೆ ಬಂದ ದಿನವೇ ಮರಿ ಮೇಡಂ ಎಂದು ಹೆಸರಿಟ್ಟು, ಒಂದು ಕಾಲು ಕುಂಟುವ ಕುರ್ಚಿಯನ್ನೂ ತಂದು ಹಾಕಿದ. ಈ ಕುರ್ಚಿಯಲ್ಲಿ ಕೂತೇ ಎಷ್ಟೋ ಮರಿ ಮೇಡಂಗಳು ಕೆಲಸ ಕಲಿತು ಹೋಗಿದ್ದಾರೆ, ಅಲ್ಲಾಡಿದರೆ ಹೆದರಬೇಡಿ ಎಂದು ಧೈರ್ಯವನ್ನೂ ಹೇಳಿದ.

ಧೈರ್ಯಕ್ಕೇನೂ ಅವಳಲ್ಲಿ ಕೊರತೆ ಇರಲಿಲ್ಲ. ಪುಸ್ತಕಗಳನ್ನು ಅರೆದು ಕುಡಿದು ಬಂದಿದ್ದಳು. ಎಂಟು ವಾರದೊಳಗೆ ಯಾರದಾದರೂ ಬದುಕನ್ನು ಸರಿಮಾಡಿಯೇ ತೀರುವುದೆಂದು ತುದಿಗಾಲಲ್ಲಿ ನಿಂತಿದ್ದಳು. ಅಂಥ ಉತ್ಸಾಹ ಕಂಡರೆ ದೊಡ್ಡ ಮೇಡಂಗೆ ಸಣ್ಣ ಭಯ. ಅವರು ಒಂದು ಬಿಳಿ ಹಾಳೆ ತೆಗೆದು ನಟ್ಟನಡುವೆ ಮೇಲಿಂದ ಕೆಳಗೆ ಗೀಟೆಳೆದರು. ಎಡಗಡೆ ‘ನೋಡಿದ್ದು’ ಎಂದು ಬರೆದರು, ಬಲಗಡೆ ‘ಅಂದುಕೊಂಡದ್ದು’ ಎಂದು.

“ನಮ್ಮ ಕೆಲಸದಲ್ಲಿ ಆಗೋ ಅನಾಹುತವೆಲ್ಲ ಈ ಗೀಟು ಗೊತ್ತಾಗದೆ ಆಗೋದು,” ಎಂದರು. “ಇನ್ನೊಂದು ಮಾತು. ಯಾರಿಗೂ ಭರವಸೆ ಕೊಡಬೇಡ. ಕೊಡೋಕೆ ನಿನ್ನ ಹತ್ರ ಏನೂ ಇಲ್ಲ.”

ಮರಿ ಮೇಡಂ ಎರಡನ್ನೂ ನೋಟ್‌ಬುಕ್ಕಿನಲ್ಲಿ ಅಂದವಾಗಿ ಬರೆದುಕೊಂಡಳು. ಬರೆದುಕೊಂಡರೆ ಕಲಿತಂತೆ ಎಂಬ ನಂಬಿಕೆ ಅವಳದು.

ಅವಳ ಪಾಲಿಗೆ ಬಂದದ್ದು ತೆಳ್ಳಗಿನ ಫೈಲು, ಸುಲಭದ್ದು ಎಂದೇ ಕೊಟ್ಟದ್ದು. ಏಳು ವರ್ಷದ ಹುಡುಗಿ, ತಾಯಿಯ ತಾಯಿಯ ಜೊತೆ ವಾಸ. ತಾಯಿ ತೀರಿಕೊಂಡಿದ್ದಳು, ತಂದೆ ಮಗು ತೊಟ್ಟಿಲಲ್ಲಿರುವಾಗಲೇ ಕಾಲುಕಿತ್ತಿದ್ದ. ಹುಡುಗಿ ತಡವಾಗಿ ಬರುತ್ತಾಳೆ, ತರಗತಿಯಲ್ಲಿ ಬಾಯಿ ಮುಚ್ಚುವುದೇ ಇಲ್ಲ ಎಂದು ಶಾಲೆಯವರು ದೂರು ಬರೆದಿದ್ದರು. ಮರಿ ಮೇಡಂ ನಾಲ್ಕು ಸಲ ಮನೆಗೆ ಹೋಗಿ ನೋಡಿ ವರದಿ ಬರೆಯಬೇಕು. ಮೂವರು ಕೂರುವ ಸಮಿತಿ ಅದನ್ನೋದಿ, ಮಗು ಅಜ್ಜಿಯ ಬಳಿಯೇ ಇರಬೇಕೋ ಮಕ್ಕಳ ನಿಲಯಕ್ಕೆ ಹೋಗಬೇಕೋ ತೀರ್ಮಾನಿಸುತ್ತದೆ. ಸುಲಭದ್ದು ಎಂದರೆ ಇಷ್ಟು.

ಎರಡನೇ ಮಹಡಿಯ ಒಂಟಿ ಕೋಣೆ. ಬಾಗಿಲು ತೆರೆದದ್ದು ಹುಡುಗಿ, ಅದಕ್ಕಿಂತ ಮೊದಲು ತೆರೆದದ್ದು ಅವಳ ಬಾಯಿ.

“ಅಜ್ಜೀ, ಒಬ್ರು ಅಕ್ಕ ಬಂದಿದಾರೆ. ಹಸಿರು ಅಂಗಿ, ಕಪ್ಪು ಬ್ಯಾಗು. ಚಪ್ಪಲಿ ದಾರೀಲೇ ಬಿಟ್ರು. ಕುರ್ಚಿ ಹತ್ರ ನಿಂತಿದಾರೆ. ನಗ್ತಿದಾರೆ.”

ಅಜ್ಜಿ ಒಲೆಯ ಕಡೆಯಿಂದ ತಿರುಗಿ, ಮರಿ ಮೇಡಂನ ಮುಖದ ಕಡೆಗೇ ನೇರ ಮುಖಮಾಡಿ ನಕ್ಕು, ಕೂತ್ಕೊಳ್ಳಿ ಮೇಡಮ್ಮ ಎಂದರು. ಗಟ್ಟಿಮುಟ್ಟಾದ ಹೆಂಗಸು. ಕೋಣೆ ಕನ್ನಡಿಯಂತಿತ್ತು. ಲೋಟಗಳು ಮೊಳೆಗಳಲ್ಲಿ ಸಾಲಾಗಿ ತೂಗುತ್ತಿದ್ದವು, ಚಾಕು ಒಲೆಯ ಎಡಕ್ಕೆ, ಉಪ್ಪು ಬಲಕ್ಕೆ, ಪೊರಕೆ ಮೂಲೆಗೆ. ನೆಲದ ಮೇಲೆ ಒಂದು ಕಡ್ಡಿಯೂ ಇಲ್ಲ. ಮರಿ ಮೇಡಂ ಇದನ್ನೆಲ್ಲ ಎಡಗಡೆ ಬರೆದಳು. ಅವಳು ಬರೆಯುವುದನ್ನೂ ಹುಡುಗಿ ಬಿಡಲಿಲ್ಲ. ಅಕ್ಕ ಬರೀತಿದಾರೆ, ಅಕ್ಕ ಗೋಡೆ ನೋಡ್ತಿದಾರೆ, ಅಕ್ಕ ಕೆಮ್ಮಿದ್ರು, ಚಹಾ ಲೋಟ ಕೆಳಗಿಟ್ರು, ಕುರ್ಚಿಯ ಬಲಗಾಲಿನ ಪಕ್ಕ. ಅಜ್ಜಿ ಫಾರಂಗೆ ಸಹಿ ಹಾಕುವಾಗಲೂ ಪಕ್ಕದಲ್ಲಿ ನಿಂತು, ಕೆಳಗಡೆ ಬಲಕ್ಕೆ ಗೀಟಿದೆ ಅಜ್ಜಿ, ಇನ್ನೂ ಸ್ವಲ್ಪ ಕೆಳಗೆ ಎಂದು ದೊಡ್ಡಸ್ತಿಕೆ ನಡೆಸಿದಳು.

ಅರ್ಧಗಂಟೆಯಲ್ಲಿ ಮರಿ ಮೇಡಂಗೆ ತಲೆಚಿಟ್ಟು ಹಿಡಿಯಿತು. ಇಳಿದು ಬರುವಾಗ, ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರ್ ಹೆಂಗಸು, ರೇಡಿಯೊ ಕೇಳಿ ಬಂದ್ರಾ ಎಂದು ನಕ್ಕಳು. ಬೀದಿಯವರೆಲ್ಲ ಹುಡುಗಿಯನ್ನು ಕರೆಯುವುದೇ ಹಾಗಂತೆ. ಮರಿ ಮೇಡಂ ಆಫೀಸಿಗೆ ಬಂದು, ಮಗುವಿಗೆ ಅತಿಯಾದ ಮಾತು, ಎಲ್ಲರ ಗಮನ ತನ್ನ ಮೇಲಿರಬೇಕೆಂಬ ಹಂಬಲ, ಹಿರಿಯರ ಹತೋಟಿ ಸಾಲದು ಎಂದು ಬರೆದಳು. ಬರೆದದ್ದು ಎಡಗಡೆ. ದೊಡ್ಡ ಮೇಡಂ ಆ ವಾರ ರಜೆಯಲ್ಲಿದ್ದರು. ತಪ್ಪು ತಿದ್ದುವ ಅವರ ಕೆಂಪು ಪೆನ್ನೂ ಡ್ರಾಯರಿನಲ್ಲಿ ಮಲಗಿತ್ತು.

ಎರಡನೇ ಸಲ ಹೋಗುವಾಗ ಮರಿ ಮೇಡಂ ಬರಿಗೈಯಲ್ಲಿ ಹೋಗಲಿಲ್ಲ. ದಪ್ಪ ಕಾಗದದ ಮೇಲೆ ಚೌಕಗಳನ್ನು ಗೀಚಿ, ಹೊಳೆಯುವ ಅಂಟುನಕ್ಷತ್ರಗಳ ಹಾಳೆಯೊಂದನ್ನು ಕೊಂಡುಕೊಂಡಿದ್ದಳು. ಪುಸ್ತಕದಲ್ಲಿ ಓದಿದ ಉಪಾಯ ಅದು. ಹುಡುಗಿಯನ್ನು ಮಡಿಲ ಹತ್ತಿರ ಎಳೆದುಕೊಂಡು ಆಟದ ನಿಯಮ ಹೇಳಿದಳು. ದೊಡ್ಡವರು ಕೇಳದೆ ಮಾತಾಡಬಾರದು. ಅಜ್ಜಿ ಕೆಲಸ ಮಾಡುವಾಗ ಬಾಯಿ ಹಾಕಬಾರದು. ಇಡೀ ದಿನ ಹಾಗಿದ್ದರೆ ಮಲಗುವ ಮುಂಚೆ ಒಂದು ನಕ್ಷತ್ರ ಅಂಟಿಸಬಹುದು.

ಹುಡುಗಿ ನಕ್ಷತ್ರಗಳನ್ನೂ ಅಜ್ಜಿಯನ್ನೂ ನೋಡಿದಳು. ಒಪ್ಪಿಗೆಯಾದಂತೆ ಕಾಣಲಿಲ್ಲ. ಆಗ ಮರಿ ಮೇಡಂ, ಒಳ್ಳೆಯ ಮನಸ್ಸಿನಿಂದಲೇ, ಹೇಳಬಾರದ್ದನ್ನು ಹೇಳಿದಳು.

“ಜಾಣೆ ಥರ ಸುಮ್ಮನಿದ್ರೆ ಆಫೀಸಿನವರು ನಿನ್ನ ಅಜ್ಜಿ ಹತ್ರಾನೇ ಬಿಡ್ತಾರೆ.”

ಹುಡುಗಿ ತಟ್ಟನೆ ಬಾಯಿ ಮುಚ್ಚಿದಳು. ಅಜ್ಜಿಯ ಕೈ ಗೋಡೆಯ ಮೇಲೆ ಲೋಟದ ಮೊಳೆಯನ್ನು ಹುಡುಕುತ್ತ ಅರೆಗಳಿಗೆ ನಿಂತಿತು. ಏನೋ ಹೇಳಹೊರಟವರು ಮಾತು ನುಂಗಿ, ಮೇಡಮ್ಮ ಹೇಳಿದ ಮೇಲೆ ಕೇಳಬೇಕಮ್ಮ ಎಂದಷ್ಟೇ ಅಂದರು.

ಮೂರನೇ ಭೇಟಿ ಸರಿಯಾಗಿ ಒಂದು ವಾರಕ್ಕೆ. ಗೋಡೆಯ ಮೇಲೆ ಏಳು ನಕ್ಷತ್ರ ಹೊಳೆಯುತ್ತಿದ್ದವು. ಬಾಗಿಲು ತೆರೆದ ಹುಡುಗಿ ತುಟಿ ಬಿಗಿಹಿಡಿದು, ಬೆರಳು ತೋರಿಸಿ ಏಳನ್ನೂ ಎಣಿಸಿದಳು. ಯಾರು ಬಂದದ್ದು ಎಂದು ಅಜ್ಜಿ ಎರಡು ಸಲ ಕೇಳಬೇಕಾಯಿತು. ಅವರ ಹಣೆಯ ಮೇಲೆ ನೀಲಿಗಟ್ಟಿದ ಬಾವು, ಕಾಲಬೆರಳಿಗೆ ಬಟ್ಟೆಯ ಚಿಂದಿ. ಏನಾಯಿತೆಂದರೆ, ಬಾಗಿಲು ತಗುಲ್ತು, ವಯಸ್ಸಾಯ್ತಲ್ಲ ಎಂದರು. ಮೊಳೆಗಳಲ್ಲಿ ಮೂರೇ ಲೋಟ ಇದ್ದವು, ಮೊದಲು ಐದಿದ್ದವು. ಮರಿ ಮೇಡಂ ಬಾವು, ಚಿಂದಿ, ಲೋಟ ಮೂರನ್ನೂ ಎಡಗಡೆ ಚಾಚೂತಪ್ಪದೆ ಬರೆದಳು. ಕಣ್ಣಿಗೆ ಬಿದ್ದದ್ದು ಒಂದೂ ಬಿಟ್ಟಿರಲಿಲ್ಲ, ಅರ್ಥವಾದದ್ದು ಒಂದೂ ಇರಲಿಲ್ಲ. ಮಗುವಿನ ವರ್ತನೆಯಲ್ಲಿ ಗಮನಾರ್ಹ ಸುಧಾರಣೆ ಎಂದು ಕೊನೆಗೆ ಸೇರಿಸುವಾಗ ಅವಳ ಕೈಗೆ ಹೆಮ್ಮೆಯ ವೇಗ ಬಂದಿತ್ತು. ಆ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ಅವಳ ಮೈ ಉರಿಯುತ್ತದೆ.

ಮೂರು ದಿನ ಕಳೆದು, ಬೆಳಗ್ಗೆ ಹತ್ತರ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಹುಡುಗಿಯ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂದಿತ್ತು. ಕುದಿಯುವ ನೀರು. ಮಗು ಹೇಗಾಯಿತೆಂದು ಬಾಯಿ ಬಿಡುತ್ತಿಲ್ಲ, ಅಜ್ಜಿಯ ಮಾತಿನಲ್ಲಿ ತಾಳಮೇಳವಿಲ್ಲ, ಬೇಕೆಂದೇ ಸುರಿದಿರುವ ಅನುಮಾನವಿದೆ ಎಂದು ಡಾಕ್ಟರು ಚೀಟಿ ಬರೆದಿದ್ದರು. ಚೀಟಿ ಬಂದ ಮೇಲೆ ನಾಲ್ಕನೇ ಭೇಟಿಗೆಲ್ಲ ಸಮಯವಿರಲಿಲ್ಲ. ಮರುದಿನವೇ ಸಮಿತಿ ಕೂರುವುದೆಂದು ತೀರ್ಮಾನವಾಯಿತು. ಅನುಮಾನ ನಿಜವೆಂದಾದರೆ ಅಜ್ಜಿ ಮಗುವಿನ ಮುಖವನ್ನೇ ನೋಡುವಂತಿಲ್ಲ.

ಮರಿ ಮೇಡಂ ಆಸ್ಪತ್ರೆಗೆ ಓಡಿದಳು. ವಾರ್ಡಿನ ಕೊನೆಯ ಮಂಚದಲ್ಲಿ ಹುಡುಗಿ, ಕೈಗೆ ದಪ್ಪ ಬ್ಯಾಂಡೇಜು, ತುಟಿ ಬಿಗಿದೇ ಇತ್ತು. ನರ್ಸು ಅತ್ತ ಹೋಗುವವರೆಗೆ ಕಾದು, ಕಿವಿ ಹತ್ತಿರ ತರುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು.

“ಅಕ್ಕ, ಬ್ಯಾಗು ನೆಲದ ಮೇಲೆ ಬಿಟ್ಟಿದ್ದೆ. ಅಜ್ಜಿ ನೀರು ಹಿಡ್ಕೊಂಡು ಅಲ್ಲೇ ಬರ್ತಿತ್ತು. ನಾನು ಹೇಳಲಿಲ್ಲ. ಎರಡೂ ಕೈಲಿ ಬಾಯಿ ಮುಚ್ಕೊಂಡೆ.” ಉಸಿರು ಎಳೆದುಕೊಂಡು ಮುಖ್ಯವಾದದ್ದನ್ನು ಕೇಳಿದಳು. “ಹತ್ತು ಇತ್ತು. ಇವತ್ತಿಂದೂ ಸೇರಿದ್ರೆ ಹನ್ನೊಂದಾಯ್ತು ಅಲ್ವಾ?”

ಮರಿ ಮೇಡಂ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿದಳು. ಹಸಿರು ಅಂಗಿ, ಕಪ್ಪು ಬ್ಯಾಗು, ದಾರೀಲೇ ಬಿಟ್ಟ ಚಪ್ಪಲಿ. ಕೆಳಗಡೆ ಬಲಕ್ಕೆ ಗೀಟಿದೆ ಅಜ್ಜಿ. ಮೊಳೆ ಹುಡುಕುತ್ತ ನಿಂತ ಕೈ. ಎಲ್ಲವೂ ಎಡಗಡೆಯ ಸಾಲಿನಲ್ಲಿ ಅವಳದೇ ಮುದ್ದಾದ ಅಕ್ಷರದಲ್ಲಿತ್ತು.

ಹೊರಗೆ ಬಂದಳು. ಅನುಮಾನದ ಚೀಟಿ ಬಂದವರನ್ನು ವಾರ್ಡಿನೊಳಗೆ ಬಿಡುವುದಿಲ್ಲವಾಗಿ ಅಜ್ಜಿ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಮರಿ ಮೇಡಂ ಅವರ ಮುಂದೆ ಉಸಿರೆತ್ತದೆ ನಿಂತಳು. ಒಂದು ಗೇಣಿನ ದೂರದಲ್ಲಿ ಕೈ ಆಡಿಸಿದಳು. ಅಜ್ಜಿಯ ಕಣ್ಣು ರೆಪ್ಪೆ ಬಡಿಯಲಿಲ್ಲ. ಹಾಗೆ ಪರೀಕ್ಷಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಕೈ ಇಳಿಸುವ ಮೊದಲೇ ಅಜ್ಜಿ ಮೂಗು ಎತ್ತಿ, ಮೇಡಮ್ಮನಾ, ಸೋಪಿನ ವಾಸನೆ ನಿಮ್ಮದೇ ಎಂದರು.

ಅವಳು ಪಕ್ಕದಲ್ಲಿ ಕುಸಿದು ಕೂತಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ, ಅಜ್ಜಿ ತಾವಾಗಿಯೇ ಹೇಳಿದರು. ಕಣ್ಣು ಕೈಕೊಟ್ಟು ಮೂರು ವರ್ಷವಾಯಿತಂತೆ. ಮಗಳು ತೀರಿಕೊಂಡ ವರ್ಷವೇ ಬಲಗಣ್ಣು ಮಂಜಾಯಿತು, ಆಮೇಲೆ ಎಡಗಣ್ಣು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಚೀಟಿಯಲ್ಲಿ ಬರೆಯುತ್ತಾರೆ, ಬರೆದದ್ದು ಆಫೀಸಿಗೆ ಗೊತ್ತಾಗುತ್ತದೆ ಎಂದು ಹೋಗಲೇ ಇಲ್ಲ. ಹೇಳು ಎಂದು ಮೊಮ್ಮಗಳಿಗೆ ಅವರು ಕಲಿಸಿದ್ದಲ್ಲ. ನಾಲ್ಕು ವರ್ಷದ ಕೂಸು ಒಂದು ದಿನ ಅಜ್ಜಿ ಗೋಡೆಗೆ ಹಾಯುವುದನ್ನು ಕಂಡು, ಗೋಡೆ ಇದೆ ಅಜ್ಜಿ ಎಂದಿತು. ಅವತ್ತಿನಿಂದ ಬಾಯಿ ನಿಂತಿಲ್ಲ. ಶಾಲೆಯಲ್ಲೂ ಅದೇ ಅಭ್ಯಾಸ ಆಗಿಹೋಯಿತು.

ಆಟ ಬೇಡ ಎಂದು ಯಾಕೆ ಹೇಳಲಿಲ್ಲ ಎಂದು ಮರಿ ಮೇಡಂ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ರಿ,” ಎಂದರು ಅಜ್ಜಿ. ಆಮೇಲೆ ಗಾಳಿಯಲ್ಲಿ ತಡಕಿ ಅವಳ ಕೈ ಹಿಡಿದುಕೊಂಡರು. “ಹೇಳಬೇಡಿ ತಾಯಿ. ಕಣ್ಣಿಲ್ಲದೋಳ ಹತ್ರ ಮಗೂನ ಯಾರು ಬಿಡ್ತಾರೆ? ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ.”

ಬಾಚಿ ಹಿಡಿದ ಆ ಕೈಯನ್ನು ಬಿಡಿಸಿಕೊಂಡು ಬರಲು ಮರಿ ಮೇಡಂಗೆ ಬಹಳ ಹೊತ್ತು ಬೇಕಾಯಿತು. ಹೇಳಿದರೆ ಕುರುಡಿಯೆಂದು ಮಗುವನ್ನು ಕಸಿಯುತ್ತಾರೆ. ಹೇಳದಿದ್ದರೆ ಕಟುಕಿಯೆಂದು ಕಸಿಯುತ್ತಾರೆ, ಮತ್ತೆ ಮುಖ ತೋರಿಸುವುದಿಲ್ಲ. ಮೂರನೆಯ ದಾರಿಗಾಗಿ ಅವಳು ಬಸ್ಸಿನಲ್ಲಿ ಕೂತು, ಇಳಿಯಬೇಕಾದಲ್ಲಿ ಇಳಿಯದೆ, ಕೊನೆಯ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದಳು. ಮೂರನೆಯ ದಾರಿ ಸಿಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕುಂಟುವ ಕುರ್ಚಿಯಲ್ಲಿ ಕೂತು ಹಾಳೆಗೆ ಗೀಟೆಳೆದಳು. ನಾಲ್ಕು ಹಾಳೆ ಹರಿದಳು. ಜವಾನ ನೀರಿನ ಲೋಟ ತಂದಿಟ್ಟು, ತಮಾಷೆ ಮಾಡದೆ ಹೋದ. ಐದನೆಯದನ್ನು ದೊಡ್ಡ ಮೇಡಂಗೆ ಕೊಟ್ಟಾಗ ಅವರು ನಿಂತೇ ಓದಿದರು. ಬಲಗಡೆ ಖಾಲಿ ಇತ್ತು. ಎಡಗಡೆಯ ಕೊನೆಯಲ್ಲಿ, ಮಗುವಿಗೆ ಸುಮ್ಮನಿರಲು ಹೇಳಿದ್ದು ನಾನು, ಸುಮ್ಮನಿದ್ದರೆ ಅಜ್ಜಿಯ ಬಳಿ ಬಿಡುತ್ತಾರೆಂದು ಭರವಸೆ ಕೊಟ್ಟಿದ್ದೂ ನಾನು ಎಂದಿತ್ತು.

ಈ ಕಾಗದ ಕಾಲೇಜಿಗೂ ಹೋಗುತ್ತದೆ, ಗೊತ್ತಲ್ಲ ಎಂದರು. ಅವಳು ತಲೆಯಾಡಿಸಿದಳು.

“ನನ್ನದೂ ತಪ್ಪಿದೆ,” ಎಂದರು ದೊಡ್ಡ ಮೇಡಂ. “ರಜೆಯಿಂದ ಬಂದು ನಿನ್ನ ಮೊದಲ ವರದಿ ನೋಡಿದೆ. ಅತಿಯಾದ ಮಾತು ಅಂತ ನೀನು ಎಡಗಡೆ ಬರೆದಿದ್ದೆ. ಕೆಂಪು ಪೆನ್ನು ತೆಗೀಬೇಕಿತ್ತು. ಅಕ್ಷರ ಚೆನ್ನಾಗಿದೆ ಅಂತ ಮುಂದಿನ ಹಾಳೆ ತಿರುಗಿಸಿದೆ.” ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಸಮಿತಿಯಲ್ಲಿ ನೀನು ಬಾಯಿ ತೆರೆಯುವಂತಿಲ್ಲ, ಕಲಿಯಲು ಬಂದವರು ಗೋಡೆಗೆ ಕೂತು ಕೇಳಬೇಕಷ್ಟೇ, ಓದುವುದು ನಾನು ಎಂದೂ ಹೇಳಿದರು.

ಮರುದಿನ ಉದ್ದ ಮೇಜಿನ ಹಿಂದೆ ಮೂವರು ಕೂತರು. ಎದುರಿಗೆ ಅಜ್ಜಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮುಖವನ್ನು ಧ್ವನಿ ಬಂದ ಕಡೆಗೆಲ್ಲ ಚುರುಕಾಗಿ ತಿರುಗಿಸುತ್ತ, ಕೊನೆಯ ಗಳಿಗೆಯವರೆಗೂ ಕಾಣುವವರಂತೆಯೇ ನಟಿಸಿದರು. ಮರಿ ಮೇಡಂ ಗೋಡೆಗೆ ಒರಗಿ ತುಟಿ ಕಚ್ಚಿಕೊಂಡು ಕೂತಳು. ದೊಡ್ಡ ಮೇಡಂ ವರದಿಯನ್ನು ಏರಿಳಿತವಿಲ್ಲದೆ ಓದಿದರು. ಎರಡೂ ಕಣ್ಣು ಕಾಣಿಸುವುದಿಲ್ಲ ಎಂಬ ಸಾಲು ಬಂದಾಗ ಅಜ್ಜಿಯ ಕತ್ತು ಮೆಲ್ಲಗೆ ಕೆಳಗಿಳಿಯಿತು. ಇನ್ನು ಯಾರ ಕಡೆಗೂ ಮುಖ ತಿರುಗಿಸುವ ಅಗತ್ಯವಿರಲಿಲ್ಲ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಮಿತಿಯ ಅಧ್ಯಕ್ಷೆ ಕೆಟ್ಟವರಲ್ಲ, ಮೆಲುದನಿಯಲ್ಲೇ ಹೇಳಿದರು. ಕ್ರೌರ್ಯದ ಅನುಮಾನ ಕೈಬಿಟ್ಟಿದ್ದೇವೆ. ಆದರೆ ಏಳು ವರ್ಷದ ಮಗು ಒಬ್ಬರ ಕಣ್ಣಾಗಿ ದುಡಿಯುವುದೂ ಸರಿಯಲ್ಲ. ಕಣ್ಣಿನ ಡಾಕ್ಟರು ನೋಡಿ, ಮನೆಯಲ್ಲಿ ನೆರವಿಗೆ ಯಾರಾದರೂ ಗೊತ್ತಾಗುವವರೆಗೆ ಮಗು ನಿಲಯದಲ್ಲಿರಲಿ. ಭಾನುವಾರ ಅಜ್ಜಿ ಹೋಗಿ ಭೇಟಿಯಾಗಬಹುದು. ಆರು ತಿಂಗಳಿಗೆ ಮತ್ತೆ ನೋಡೋಣ. ಕಣ್ಣು ಬರುತ್ತದೆಯೇ ಎಂದು ಅಜ್ಜಿ ಕೇಳಿದರು. ಅದನ್ನು ಕಣ್ಣಿನ ಡಾಕ್ಟರೇ ಹೇಳಬೇಕು ಎಂದರು ಅಧ್ಯಕ್ಷೆ.

ಅಜ್ಜಿಯನ್ನು ಅಂಗಳಕ್ಕೆ ಇಳಿಸುವ ಕೆಲಸ ಮರಿ ಮೇಡಂಗೆ ಬಿತ್ತು. ಗೊತ್ತಿಲ್ಲದ ಮೆಟ್ಟಿಲು, ಅಜ್ಜಿ ಬೇರೆ ದಾರಿಯಿಲ್ಲದೆ ಅವಳ ಭುಜ ಹಿಡಿದರು. ಏಳು ಮೆಟ್ಟಿಲು ಇಳಿದರು. ಕೆಳಗೆ ಬಂದ ಮೇಲೆ ಕೈ ತೆಗೆದರು.

“ನೀವು ಮಾತಾಡಬೇಡ ಅಂದ್ರಿ, ಆ ಕೂಸು ಕೇಳ್ತು. ನಾನು ಮಾತಾಡಬೇಡಿ ಅಂದೆ, ನೀವು ಕೇಳಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಸುಸ್ತಾದವರ ದನಿಯಲ್ಲಿ, ನಡೆದದ್ದನ್ನು ನಡೆದಂತೆ ಹೇಳಿದರು. ಮರಿ ಮೇಡಂಗೆ ನಿಂತ ನೆಲ ಬಾಯ್ತೆರೆಯಬಾರದೇ ಎನಿಸಿತು. ಕ್ಷಮಿಸಿ ಎನ್ನಲಿಲ್ಲ. ಕ್ಷಮೆ ಕೇಳುವುದೂ ಏನನ್ನೋ ಬೇಡಿದಂತೆಯೇ, ಆ ಹೆಂಗಸಿನ ಬಳಿ ಕೊಡಲು ಇನ್ನೇನು ಉಳಿದಿತ್ತು?

ಅಷ್ಟರಲ್ಲಿ ಆಸ್ಪತ್ರೆಯಿಂದ ಹುಡುಗಿಯನ್ನು ಕರೆತಂದರು. ನಿಲಯದ ಆಯಾ ಒಬ್ಬಳು ಅವಳ ಒಳ್ಳೆಯ ಕೈಯನ್ನು ಹಿಡಿದಿದ್ದಳು. ಹುಡುಗಿ ಅಜ್ಜಿಯನ್ನು ನೋಡಿದಳು, ಬಾಗಿಲು ತೆರೆದು ನಿಂತಿದ್ದ ವ್ಯಾನನ್ನು ನೋಡಿದಳು. ಅಜ್ಜಿ ಗಾಳಿಯಲ್ಲಿ ಕೈಚಾಚಿ, ಬಂದ್ಯಾ ಮಗಾ, ಎಲ್ಲಿದೀಯಾ ಎಂದು ಕೂಗುತ್ತಿದ್ದರು. ಹುಡುಗಿ ಉತ್ತರ ಕೊಡಲಿಲ್ಲ. ತುಟಿಗಳನ್ನು ಬಿಳುಪೇರುವಷ್ಟು ಬಿಗಿದು, ಮರಿ ಮೇಡಂನ ಕಡೆಗೆ ನೋಡಿದಳು. ನಾನು ಸುಮ್ಮನೇ ಇದೀನಿ ನೋಡಿ ಎನ್ನುವ ನೋಟ. ಈಗಲೂ ನಂಬಿದ್ದಳು.

ಮರಿ ಮೇಡಂ ಅವಳ ಮುಂದೆ ಮಂಡಿಯೂರಿದಳು. ಬಾಯಿಗೆ ಬಂದ ಸಮಾಧಾನದ ಮಾತುಗಳನ್ನೆಲ್ಲ ನುಂಗಿಕೊಂಡಳು, ಒಂದೂ ಅವಳು ಕೊಡಬಲ್ಲ ಮಾತಾಗಿರಲಿಲ್ಲ.

“ಆಟ ಮುಗೀತು,” ಎಂದಳು. “ನಾನು ಹೇಳಿಕೊಟ್ಟಿದ್ದು ತಪ್ಪು. ನೀನು ಸುಮ್ಮನಿದ್ರೂ ಕರ್ಕೊಂಡು ಹೋಗ್ತಾರೆ. ಮಾತಾಡು, ಅಜ್ಜಿಗೆ ಎಲ್ಲ ಹೇಳು.”

ಹುಡುಗಿ ಅವಳನ್ನು ಬಹಳ ಹೊತ್ತು ನೋಡಿದಳು. ಏಳು ವರ್ಷದ ಮುಖ ಅಷ್ಟು ಹೊತ್ತಿನಲ್ಲಿ ಎಷ್ಟು ಬದಲಾಗಬಹುದೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆಮೇಲೆ ಅವಳಿಗೆ ಬೆನ್ನು ತಿರುಗಿಸಿ ಬಾಯಿ ತೆರೆದಳು.

“ಅಜ್ಜೀ, ನಾನು ನಿನ್ನ ಮುಂದೇನೇ ಇದೀನಿ, ನಾಲ್ಕು ಹೆಜ್ಜೆ. ಕೈ ನೋಯ್ತಿಲ್ಲ. ವ್ಯಾನು ಬಂದಿದೆ. ಬಿಳಿದು, ಮೂರು ಕಿಟಕಿ. ಆಯಾ ದಪ್ಪಗಿದಾರೆ, ಕೆಂಪು ಸ್ವೆಟರು. ನನ್ನ ಹತ್ತಿಸ್ತಿದಾರೆ ಅಜ್ಜೀ. ಮೆಟ್ಟಿಲು ಒಂದೇ. ಮಧ್ಯದ ಕಿಟಕೀಲಿ ಕೂತೆ. ನಾನು ಅಳ್ತಿದೀನಿ. ನೀನೂ ಅಳ್ತಿದೀಯ. ಕೈ ಬೀಸ್ತಿದೀನಿ ಅಜ್ಜೀ, ನೀನು ಈ ಕಡೆ ತಿರುಗು, ಎಡಕ್ಕೆ, ಇನ್ನೂ ಎಡಕ್ಕೆ.”

ಅಜ್ಜಿ ಎಡಕ್ಕೆ ತಿರುಗಿದರು, ಇನ್ನೂ ಎಡಕ್ಕೆ ತಿರುಗಿದರು. ಸರಿಯಾಗಿ ಮಧ್ಯದ ಕಿಟಕಿಯ ಕಡೆಗೆ ಕೈ ಎತ್ತಿ ಬೀಸಿದರು. ವ್ಯಾನು ಹೊರಟಿತು. ಗೇಟು ಬಂತು ಎಂಬುದು ಕೇಳಿಸಿತು, ಮರ ಎಂಬುದು ಅರ್ಧ ಕೇಳಿಸಿತು, ಆಮೇಲೆ ಇಂಜಿನ್ನಿನ ಸದ್ದು ಮಾತ್ರ, ಆಮೇಲೆ ಬೀದಿಯ ಸದ್ದು.

ಅಜ್ಜಿ ಅದೇ ದಿಕ್ಕಿಗೆ ಕೈ ಬೀಸುತ್ತಲೇ ಇದ್ದರು. ಅಲ್ಲಿ ಕಾಂಪೌಂಡಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮರಿ ಮೇಡಂ ಹತ್ತಿರ ಹೋಗಿ ನಿಂತಳು.

“ವ್ಯಾನು ಬಲಕ್ಕೆ ತಿರುಗ್ತು ಅಜ್ಜಿ,” ಎಂದಳು. “ಈಗ ಕಾಣಿಸ್ತಿಲ್ಲ.”

ಅಜ್ಜಿ ಕೈ ಇಳಿಸಿದರು.